ಮನೆಯಲ್ಲಿ ಆಫ್ ಆಗುವ ಪಿಸಿ ಅಂಗಡಿಯಲ್ಲಿ ಆಫ್ ಆಗುವುದಿಲ್ಲ. ಏನು ಮಾಡಲಿ?

ತೋಟದಮನೆ (ಗೋಣಿಕೊಪ್ಪ)

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ ನಮ್ಮ ಮನೆ. ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಅದಕ್ಕೆ ಅಂತಲೇ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ನಾನೇ ಒಂದು ಪಿಸಿ ಜೋಡಿಸಿದೆ. ರೈಜೆನ್ 5 5600 ಪ್ರೊಸೆಸರ್, ಬಿ550 ಬೋರ್ಡ್, 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್ ಬ್ರಾಂಜ್ ಪಿಎಸ್‌ಯು (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ). ಬೇಸಿಗೆ ಪೂರ್ತಿ ಚೆನ್ನಾಗಿಯೇ ಓಡಿತು.

ಮಳೆ ಹಿಡಿದ ಮೇಲೆ ಶುರುವಾಯಿತು ನೋಡಿ. ಕೆಲಸ ಮಾಡುತ್ತಿರುವಾಗ ಟಕ್ ಅಂತ ಆಫ್. ಬ್ಲೂ ಸ್ಕ್ರೀನ್ ಇಲ್ಲ, ಹ್ಯಾಂಗ್ ಇಲ್ಲ, ಏನೂ ಇಲ್ಲ. ರೂಮಿನ ಲೈಟು, ಫ್ಯಾನು ಎಲ್ಲ ಹಾಗೆಯೇ ಇರುತ್ತವೆ. ಪಿಸಿ ಮಾತ್ರ ಹೋಗುತ್ತದೆ. ಒಮ್ಮೊಮ್ಮೆ ತಾನೇ ಮತ್ತೆ ಆನ್ ಆಗುತ್ತದೆ. ಇನ್ನು ಕೆಲವು ಸಲ ಪವರ್ ಬಟನ್ ಎಷ್ಟು ಒತ್ತಿದರೂ ಉಸಿರಿಲ್ಲ. ಗೋಡೆ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಆನ್ ಆಗುತ್ತದೆ. ಬೆಳಿಗ್ಗೆ ಮತ್ತು ಸಂಜೆ ಜಾಸ್ತಿ.

ಮೈಸೂರಿನ ಒಂದು ಅಂಗಡಿಗೆ ಕೊಟ್ಟೆ. ಅವರು ಸ್ಟ್ರೆಸ್ ಟೆಸ್ಟ್ ಹಾಕಿ ಓಡಿಸಿದರು, ಒಮ್ಮೆಯೂ ಆಫ್ ಆಗಲಿಲ್ಲ. ಆದರೂ ಇರಲಿ ಅಂತ ಪಿಎಸ್‌ಯು ಬದಲಾಯಿಸಿದರು. ದುಡ್ಡು ಕೊಟ್ಟು ಮನೆಗೆ ತಂದು ಹಾಕಿದ ಸಂಜೆಯೇ ಆಫ್. ತಲೆ ಕೆಟ್ಟು ಹೋಗಿದೆ. ಡೆಲಿವರಿ ಕೊಡಬೇಕಾದ ಮದುವೆ ಹಾಗೆಯೇ ಬಿದ್ದಿದೆ.

ಕುಟ್ಟದ ಗೇಮರ್

ಗುರು, 650 ಸಾಲಲ್ಲ. 3060 ಒಂದೇ ಸಲ ಜಾಸ್ತಿ ಎಳೆಯುತ್ತದೆ. 850 ಹಾಕು, ಮುಗೀತು.

ಮಂಜಿನೂರು (ಮಡಿಕೇರಿ)

ಲೆಕ್ಕ ಹಾಕೋಣ ಅಲ್ವಾ? 5600 ಪೂರ್ತಿ ಲೋಡಿನಲ್ಲಿ 76 ವ್ಯಾಟ್. 3060 ಕಾರ್ಡ್ 170. ಬೋರ್ಡು, ರ‍್ಯಾಮ್, ಡ್ರೈವ್, ಫ್ಯಾನ್ ಎಲ್ಲ ಸೇರಿ 50-60 ಇಟ್ಟುಕೊಳ್ಳಿ. 310 ದಾಟಲ್ಲ. 3060ಕ್ಕೆ ತಯಾರಕರೇ ಹೇಳುವುದು 550 ವ್ಯಾಟ್ ಸಾಕು ಅಂತ. ಕ್ಷಣಮಾತ್ರದ ಸ್ಪೈಕ್ ಬರುವುದು ನಿಜ. ಅದಕ್ಕೇ 2022ರಲ್ಲಿ ಬಂದ ಎಟಿಎಕ್ಸ್ 3.0 ಅನ್ನುವ ಪಿಎಸ್‌ಯು ನಿಯಮದಲ್ಲಿ ಎರಡು ಪಟ್ಟು ಸ್ಪೈಕ್ ತಡೆದುಕೊಳ್ಳಬೇಕು ಅಂತ ಸೇರಿಸಿದರು. ಆದರೆ ಆ ತಲೆನೋವು 3080, 3090 ಥರದ ದೊಡ್ಡ ಕಾರ್ಡ್‌ಗಳದು. ಮುಖ್ಯವಾಗಿ, ಸ್ಪೈಕ್ ಕಾರಣವಾಗಿದ್ದರೆ ಮೈಸೂರಿನಲ್ಲೂ ಆಫ್ ಆಗಬೇಕಿತ್ತು.

ತೋಟದಮನೆ ಅವರೇ, ಮೂರು ವಿಷಯ ಹೇಳಿ. ವಿಂಡೋಸ್‌ನ ಇವೆಂಟ್ ವ್ಯೂವರ್ ತೆಗೆದು ಸಿಸ್ಟಮ್ ಲಾಗ್‌ನಲ್ಲಿ ಆಫ್ ಆದ ಹೊತ್ತಿಗೆ ಏನಿದೆ ನೋಡಿ. ರೆಂಡರ್ (ಎಡಿಟ್ ಆದದ್ದನ್ನು ಕೊನೆಯ ವಿಡಿಯೋ ಫೈಲ್ ಮಾಡುವುದು) ಹಾಕಿದಾಗ ಮಾತ್ರ ಆಫ್ ಆಗುತ್ತದಾ, ಸುಮ್ನೆ ಬ್ರೌಸರ್ ತೆರೆದಿಟ್ಟಾಗಲೂ ಆಗುತ್ತದಾ? ಮತ್ತೆ, ಗೋಡೆಯಿಂದ ಪಿಸಿ ತನಕ ಮಧ್ಯೆ ಏನೇನಿದೆ? ಎಲ್ಲ ಬರೆಯಿರಿ, ಒಂದನ್ನೂ ಬಿಡಬೇಡಿ.

ತೋಟದಮನೆ

ಥ್ಯಾಂಕ್ಸ್ ಅಕ್ಕ. ಲಾಗ್‌ನಲ್ಲಿ ಪ್ರತಿ ಸಲ ಕರ್ನಲ್ ಪವರ್ 41 ಅಂತ ಕೆಂಪು ಗುರುತು. ಒಳಗೆ ಬಗ್‌ಚೆಕ್ ಕೋಡ್ 0. ಬೇರೆ ಏನೂ ಇಲ್ಲ.

ರೆಂಡರ್ ಅಂತ ಇಲ್ಲ, ಖಾಲಿ ಡೆಸ್ಕ್‌ಟಾಪ್ ಇದ್ದಾಗಲೂ ಆಗಿದೆ.

ಗೋಡೆ ಸಾಕೆಟ್‌ನಿಂದ ಒಂದು ಸ್ಟೆಬಿಲೈಜರ್, ಅದರಿಂದ ಎಕ್ಸ್‌ಟೆನ್ಷನ್ ಬಾಕ್ಸ್, ಅದರಲ್ಲಿ ಪಿಸಿ, ಮಾನಿಟರ್, ಸ್ಪೀಕರ್. ಸ್ಟೆಬಿಲೈಜರ್ ಮಳೆ ಶುರುವಾದ ಮೇಲೆ ತಂದದ್ದು. ವೋಲ್ಟೇಜ್ ಸರಿ ಇಲ್ಲ, ಇದು ಹಾಕಿ ಅಂತ ಅಂಗಡಿಯವರೇ ಹೇಳಿದರು. ಇನ್ನೊಂದು ಮಾತು, ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಹಿಂದಿನ ಸ್ಕ್ರೂ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆ.

ಮಂಜಿನೂರು

41 ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಬೂಟ್ ಆಯಿತು ಅನ್ನುವ ಟಿಪ್ಪಣಿ ಅಷ್ಟೇ. ಕಾರಣ ಹೇಳುವುದಿಲ್ಲ. ಆದರೆ ಬಗ್‌ಚೆಕ್ 0 ಇರುವುದು ಉಪಯೋಗದ ಮಾಹಿತಿ. ವಿಂಡೋಸ್ ಕ್ರ್ಯಾಶ್ ಆಗಿಲ್ಲ. ಅದಕ್ಕೆ ಕಾಲ ಕೆಳಗಿನ ಕರೆಂಟೇ ಹೋಗಿದೆ. ಡ್ರೈವರ್, ವಿಂಡೋಸ್ ರೀಇನ್‌ಸ್ಟಾಲ್ ಅಂತೆಲ್ಲ ಹೊತ್ತು ಹಾಳು ಮಾಡಬೇಡಿ.

ಬಟನ್ ಒತ್ತಿದರೂ ಆನ್ ಆಗದಿರುವುದಕ್ಕೂ ಉತ್ತರ ಇದೆ. ಪಿಎಸ್‌ಯು ಒಳಗಿನ ಪ್ರೊಟೆಕ್ಷನ್ ಕೆಲಸ ಮಾಡಿದರೆ ಅದು ಬೀಗ ಹಾಕಿಕೊಂಡು ಕೂರುತ್ತದೆ. ಮೇನ್ ಕರೆಂಟ್ ತೆಗೆದು ಒಳಗಿನ ಕೆಪಾಸಿಟರ್ ಖಾಲಿಯಾದ ಮೇಲೆ ಬೀಗ ಬಿಡುತ್ತದೆ. ಹಳೆ ಪಿಎಸ್‌ಯು, ಹೊಸ ಪಿಎಸ್‌ಯು ಎರಡೂ ಹೀಗೇ ಮಾಡಿವೆ ಅಂದರೆ ಹೊರಗಿನಿಂದ ಏನೋ ಬರುತ್ತಿದೆ.

ಜುಮ್ ಅನ್ನುವುದರ ಬಗ್ಗೆ ಫ್ಯೂಸಣ್ಣ ಬರಲಿ. ಅವರ ಏರಿಯಾ ಅದು.

ಕುಶಾಲನಗರ ಸ್ಪೇರ್ಸ್

ಜುಮ್ ಅನ್ನುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಸಾಕೆಟ್ ಬಿಚ್ಚಿ ಅರ್ಥ್ ಪಿನ್‌ನಿಂದ ನ್ಯೂಟ್ರಲ್‌ಗೆ ಒಂದು ತುಂಡು ವಯರ್ ಕೊಟ್ಟರೆ ನಿಂತು ಹೋಗುತ್ತದೆ. ನಮ್ಮ ಕಡೆ ಎಲ್ಲ ಹಾಗೇ ಮಾಡುವುದು.

ಫ್ಯೂಸಣ್ಣ (ವಿರಾಜಪೇಟೆ, ವಯರಿಂಗ್ ಕೆಲಸ)

ಮೇಲಿನ ಸಲಹೆಯನ್ನು ಯಾರೂ, ಯಾವ ಕಾರಣಕ್ಕೂ ಮಾಡಬೇಡಿ. ದಯವಿಟ್ಟು. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವಯರ್, ಎಲ್ಲಾದರೂ ಒಂದು ಕಡೆ ಬಿಟ್ಟುಕೊಂಡರೆ ಆ ತುಂಡು ವಯರ್ ಮೂಲಕ ಫೇಸ್, ಅಂದರೆ ಬರುವ ಕರೆಂಟ್, ನೇರವಾಗಿ ಕ್ಯಾಬಿನೆಟ್ ಬಾಡಿಗೆ ಬರುತ್ತದೆ. ಆಮೇಲೆ ಜುಮ್ ಅನ್ನುವುದಿಲ್ಲ, ಪ್ರಾಣವೇ ಹೋಗುತ್ತದೆ. ಅದೂ ನಮ್ಮ ಈ ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ.

ತಮ್ಮಾ, ಈಗ ನಿನ್ನ ವಿಷಯ. ಪಿಎಸ್‌ಯುಗೆ ಕರೆಂಟ್ ಹೋಗುವ ಜಾಗದಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಪುಟ್ಟ ಕೆಪಾಸಿಟರ್. ವೈ ಕೆಪಾಸಿಟರ್ ಅಂತಾರೆ. ಅರ್ಥಿಂಗ್ ಸರಿ ಇದ್ದರೆ ಆ ಚೂರು ಸೋರಿಕೆ ನೆಲಕ್ಕೆ ಇಳಿದು ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಬಾಡಿ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟ್‌ಗೆ ಬಂದು ನಿಲ್ಲುತ್ತದೆ. ಹರಿಯುವ ಕರೆಂಟ್ ಬಹಳ ಸಣ್ಣದಾದ್ದರಿಂದ ಬರೀ ಜುಮ್. ಪಿಸಿ ಕೆಟ್ಟಿದೆ ಅಂತಲ್ಲ, ನಿನ್ನ ಅರ್ಥ್ ಪಿಸಿ ತನಕ ಬಂದಿಲ್ಲ ಅಂತ ಅರ್ಥ.

ಮನೆಗೆ ಅರ್ಥ್ ಗುಂಡಿ ಇದೆಯಾ? ಇದ್ದರೆ ಮೊದಲು ಆ ಎಕ್ಸ್‌ಟೆನ್ಷನ್ ಬಾಕ್ಸನ್ನು ಪ್ಲಗ್‌ನಿಂದ ಕಿತ್ತು, ಬಿಚ್ಚಿ ನೋಡು. ನೂರಕ್ಕೆ ತೊಂಬತ್ತು ಸಲ ಕಳ್ಳ ಅಲ್ಲೇ ಇರುತ್ತಾನೆ.

ತೋಟದಮನೆ

ಅಣ್ಣಾ, ಸಿಕ್ಕಿತು. ಬಾಕ್ಸ್ ಬಿಚ್ಚಿದೆ. ಮೂರು ವಯರಿನ ಕೇಬಲ್ ಹೌದು, ಆದರೆ ಹಸಿರು ವಯರನ್ನು ಬುಡದಲ್ಲಿ ಕತ್ತರಿಸಿ ಒಳಗೆ ಮಡಚಿ ಬಿಟ್ಟಿದ್ದಾರೆ. ಯಾವ ಪಿನ್ನಿಗೂ ಕೊಟ್ಟೇ ಇಲ್ಲ. ಮೂರು ತೂತಿನ ಸಾಕೆಟ್ ಬರೀ ತೋರಿಕೆಗೆ. ಹೊಸ ಬಾಕ್ಸ್ ತಂದು ಹಾಕಿದೆ. ಜುಮ್ ಅನ್ನುವುದು ಪೂರ್ತಿ ಹೋಯಿತು. ಹೊಸ ಮನೆ ಕಟ್ಟಿದಾಗ ಹಾಕಿದ ಅರ್ಥ್ ಗುಂಡಿ ಇದೆ, ಇದ್ದಿಲು ಉಪ್ಪು ಹಾಕಿದ್ದು ನನಗೇ ನೆನಪಿದೆ. ಮಳೆಗಾಲದಲ್ಲಿ ಅದಕ್ಕೆ ನೀರು ಹಾಕುವ ಕೆಲಸವೂ ಇಲ್ಲ.

ಆದರೆ ಪಿಸಿ ಆಫ್ ಆಗುವುದು ನಿಂತಿಲ್ಲ.

ಕುಟ್ಟದ ಗೇಮರ್

ಹಲ್ಲಿ ಹೊಕ್ಕಿದೆಯಾ ನೋಡು ಮಾರಾಯ. ತಮಾಷೆ ಅಲ್ಲ. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಪಿಎಸ್‌ಯು ಒಳಗೆ ಬಂದು ಸೇರಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಒಂದು ಒಣಗಿ ಕಡ್ಡಿಯಾಗಿತ್ತು, ಪಿಎಸ್‌ಯುವನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಮಂಜಿನೂರು

ಹಲ್ಲಿ, ಇರುವೆ ಎರಡೂ ಕೊಡಗಿನಲ್ಲಿ ಮಾಮೂಲು. ಟಾರ್ಚ್ ಹಿಡಿದು ಜಾಲರಿ ಮೂಲಕ ನೋಡಿ, ಸಾಕು. ಪಿಎಸ್‌ಯು ಡಬ್ಬಿ ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ ಸುಮಾರು 400 ವೋಲ್ಟ್‌ ತನಕ ಚಾರ್ಜ್ ಆಗಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಇರಬಹುದು.

ತೋಟದಮನೆ ಅವರೇ, ಈಗ ಒಂದೇ ಪರೀಕ್ಷೆ ಬಾಕಿ. ಪಿಸಿಯನ್ನು ಹಾಗೆಯೇ, ಒಂದು ಸ್ಕ್ರೂ ಕೂಡ ಬದಲಾಯಿಸದೆ, ಬೇರೆ ಟ್ರಾನ್ಸ್‌ಫಾರ್ಮರ್ ಮೇಲಿರುವ ನೆಂಟರ ಮನೆಗೆ ತೆಗೆದುಕೊಂಡು ಹೋಗಿ ಓಡಿಸಿ. ಪಕ್ಕದ ಮನೆ ಬೇಡ, ಅದೇ ಲೈನ್ ಇರಬಹುದು. ಅಲ್ಲಿ ಸ್ಟೆಬಿಲೈಜರ್ ಹಾಕಬೇಡಿ.

ಇನ್ನು ಆ ಸ್ಟೆಬಿಲೈಜರ್ ಮೇಲೆ ನನಗೆ ಸಂಶಯ ಇದೆ. ಪಿಸಿ ಆಫ್ ಆಗುವ ಕ್ಷಣದಲ್ಲಿ ಅದರಿಂದ ಟಕ್ ಅಂತ ಶಬ್ದ ಬರುತ್ತದಾ ಕಿವಿಗೊಟ್ಟು ಕೇಳಿ.

ತೋಟದಮನೆ

ಪೊನ್ನಂಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿಟ್ಟು ರೆಂಡರ್ ಹಾಕಿದೆ. ಒಮ್ಮೆಯೂ ಆಫ್ ಆಗಲಿಲ್ಲ. ಬಾಕಿ ಇದ್ದ ಮದುವೆಯ ಅರ್ಧ ಅಲ್ಲೇ ಮುಗಿಯಿತು. ಚಿಕ್ಕಮ್ಮ ಕಡುಬು ಪಂದಿ ಕರಿ ಮಾಡಿ ಹಾಕಿದರು, ಅದು ಬೇರೆ ಲಾಭ.

ಮನೆಗೆ ತಂದು ಹಾಕಿ ಸ್ಟೆಬಿಲೈಜರ್ ಪಕ್ಕದಲ್ಲೇ ಕೂತೆ. ಅಕ್ಕ, ನೀವು ಹೇಳಿದ್ದು ಸರಿ. ಅದು ದಿನವಿಡೀ ಟಕ್ ಟಕ್ ಅನ್ನುತ್ತಲೇ ಇರುತ್ತದೆ. ಪಿಸಿ ಆಫ್ ಆದದ್ದೂ ಸರಿಯಾಗಿ ಒಂದು ಟಕ್ ಜೊತೆಗೇ.

ಮಂಜಿನೂರು

ಹಾಗಾದರೆ ಅದನ್ನು ತೆಗೆದು ಪಕ್ಕಕ್ಕಿಡಿ. ಯಾಕೆ ಅಂತ ಹೇಳುತ್ತೇನೆ, ತುಂಬಾ ಜನ ಇದರಲ್ಲಿ ದುಡ್ಡು ಕಳೆಯುತ್ತಾರೆ.

ಕಡಿಮೆ ಬೆಲೆಯ ಸ್ಟೆಬಿಲೈಜರ್‌ಗಳು ರಿಲೇ ಅನ್ನುವ ಟಕ್ ಎನ್ನುವ ಸ್ವಿಚ್ ಮೇಲೆ ನಡೆಯುತ್ತವೆ. ವೋಲ್ಟೇಜ್ ಏರಿಳಿದಾಗ ಒಂದು ಟ್ಯಾಪ್‌ನಿಂದ ಇನ್ನೊಂದಕ್ಕೆ ಹಾರುತ್ತವೆ. ಆ ಹಾರುವ ಮಧ್ಯೆ ಒಂದು ಕ್ಷಣ ಕರೆಂಟೇ ಇರುವುದಿಲ್ಲ. ಪಿಎಸ್‌ಯು ಒಳಗಿನ ಕೆಪಾಸಿಟರ್ ಪೂರ್ತಿ ಲೋಡಿನಲ್ಲಿ ತಡೆದುಕೊಳ್ಳುವುದು ಸಾಮಾನ್ಯವಾಗಿ 16-17 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಒಂದು ಸೈಕಲ್ ಕೂಡ ದಾಟಲು ಆಗುವುದಿಲ್ಲ. ಅದಕ್ಕಿಂತ ಮೊದಲೇ ಪಿಎಸ್‌ಯು ಬೋರ್ಡಿಗೆ ಕೊಡುವ ಪವರ್ ಗುಡ್ (ಕರೆಂಟ್ ಸರಿ ಇದೆ) ಸಿಗ್ನಲ್ ಬೀಳುತ್ತದೆ, ಬೋರ್ಡ್ ರಿಸೆಟ್ ಆಗುತ್ತದೆ. ಫ್ಯಾನಿಗೆ, ಬಲ್ಬಿಗೆ ಇದು ಗೊತ್ತೇ ಆಗುವುದಿಲ್ಲ. ಪಿಸಿ ಮಾತ್ರ ಸಾಯುತ್ತದೆ.

ಇನ್ನೊಂದು. ಈಗಿನ ಹೆಚ್ಚಿನ ಪಿಎಸ್‌ಯುಗಳ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ. 170 ಬಂದರೂ ಅವು ಆರಾಮಾಗಿ ಓಡುತ್ತವೆ. ವೋಲ್ಟೇಜ್ ಕಮ್ಮಿ ಅನ್ನುವ ಕಾರಣಕ್ಕೆ ಪಿಸಿಗೆ ಸ್ಟೆಬಿಲೈಜರ್ ಬೇಕಾಗಿಯೇ ಇಲ್ಲ. ಅದು ಫ್ರಿಜ್ಜಿಗೆ ಸರಿ.

ತೋಟದಮನೆ

ತೆಗೆದೆ. ನೇರ ಗೋಡೆ ಸಾಕೆಟ್‌ಗೆ ಹಾಕಿದೆ. ಮೊದಲಿಗಿಂತ ಎಷ್ಟೋ ಕಮ್ಮಿ ಆಗಿದೆ. ಆದರೆ ಪೂರ್ತಿ ನಿಂತಿಲ್ಲ. ನಿನ್ನೆ ಗಾಳಿ ಜೋರಾಗಿತ್ತು, ಆಗ ಮತ್ತೆ ಹೋಯಿತು. ಅದಲ್ಲದೆ ಸ್ಟೆಬಿಲೈಜರ್ ತರುವ ಮೊದಲೇ ಶುರುವಾದ ಸಮಸ್ಯೆ ಇದು.

ಫ್ಯೂಸಣ್ಣ

ತಮ್ಮಾ, ಇಷ್ಟೊತ್ತು ಓದುತ್ತಾ ಇದ್ದೆ. ಒಂದು ಮಾತು ಕೇಳಬೇಕು. ಸ್ಟೆಬಿಲೈಜರ್ ದಿನವಿಡೀ ಟಕ್ ಟಕ್ ಅಂತಿತ್ತು ಅಂದೆ. ಅದು ಸುಮ್ನೆ ಹಾರುವುದಿಲ್ಲ, ಒಳಗೆ ಬರುವ ವೋಲ್ಟೇಜ್ ಕುಣಿಯುತ್ತಿದ್ದರೆ ಮಾತ್ರ ಹಾರುತ್ತದೆ. ನಿಮ್ಮದು ಸಿಂಗಲ್ ಫೇಸಾ, ತ್ರೀ ಫೇಸಾ? ತ್ರೀ ಫೇಸ್ ಆದರೆ ಮನೆಯಲ್ಲಿ ಅಮ್ಮನ ಹತ್ತಿರ ಕೇಳು: ಗೀಸರ್ ಅಥವಾ ಇಸ್ತ್ರಿ ಪೆಟ್ಟಿಗೆ ಹಾಕಿದಾಗ ಬೇರೆ ರೂಮಿನ ಲೈಟು ಮಂಕಾಗುತ್ತದಾ, ಇಲ್ಲಾ ಜಾಸ್ತಿ ಬೆಳಕಾಗುತ್ತದಾ?

ಮಂಕಾದರೆ ಒಂದು ಕಥೆ. ಜಾಸ್ತಿ ಬೆಳಕಾದರೆ ಬೇರೆಯೇ ಕಥೆ.

ಮಲ್ಟಿಮೀಟರ್ ಇದ್ದರೆ ಪಿಸಿ ರೂಮಿನ ಸಾಕೆಟ್‌ನಲ್ಲಿ ಮೂರು ಅಳತೆ ತೆಗೆ. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್. ಎಸಿ 750ರ ರೇಂಜಿನಲ್ಲಿಡು. ಪ್ರೋಬ್‌ನ ಲೋಹ ಮುಟ್ಟಬೇಡ, ಕಾಲಿಗೆ ಚಪ್ಪಲಿ ಇರಲಿ. ಗೀಸರ್ ಆಫ್ ಇದ್ದಾಗ ಒಮ್ಮೆ, ಆನ್ ಇದ್ದಾಗ ಒಮ್ಮೆ. ಅಭ್ಯಾಸ ಇಲ್ಲದಿದ್ದರೆ ನೀನು ಮಾಡಬೇಡ, ವಯರ್‌ಮ್ಯಾನ್ ಕರೆಸು.

ತೋಟದಮನೆ

ತ್ರೀ ಫೇಸ್ ಅಣ್ಣ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರಿಗೆ ಅಂತ ಅಪ್ಪ ತೆಗೆದುಕೊಂಡದ್ದು, ಮನೆಗೂ ಅದರಿಂದಲೇ. ಪಲ್ಪರ್ ಈಗ ಓಡುತ್ತಿಲ್ಲ, ಅದೇನಿದ್ದರೂ ಡಿಸೆಂಬರ್ ಮೇಲೆ.

ಅಮ್ಮನ ಹತ್ತಿರ ಕೇಳಿದೆ. "ಹೌದು, ಬೆಳಿಗ್ಗೆ ಗೀಸರ್ ಹಾಕಿದರೆ ದೇವರ ಕೋಣೆ ಲೈಟು ಝಗ್ ಅನ್ನುತ್ತದೆ. ಒಂದು ಬಲ್ಬೂ ಬಾಳಿಕೆ ಬರುತ್ತಿಲ್ಲ" ಅಂದರು. ನನಗೆ ಇಷ್ಟು ದಿನ ಯಾರೂ ಹೇಳಿಯೇ ಇಲ್ಲ!

ಡಿಪ್ಲೊಮಾದಲ್ಲಿ ಮೀಟರ್ ಹಿಡಿದ ಅಭ್ಯಾಸ ಇದೆ, ನಾನೇ ಅಳೆದೆ. ಮೂರು ಫೇಸಿಗೆ ಆರ್, ವೈ, ಬಿ ಅಂತ ಹೆಸರು; ನನ್ನ ರೂಮು ವೈ ಫೇಸ್ ಮೇಲಿದೆ, ಗೀಸರ್ ಆರ್ ಮೇಲೆ.

ಗೀಸರ್ ಆಫ್: ಫೇಸ್-ನ್ಯೂಟ್ರಲ್ 232. ನ್ಯೂಟ್ರಲ್-ಅರ್ಥ್ 4.

ಗೀಸರ್ ಆನ್: ಫೇಸ್-ನ್ಯೂಟ್ರಲ್ 245. ನ್ಯೂಟ್ರಲ್-ಅರ್ಥ್ 27. ಅದೇ ಹೊತ್ತಿಗೆ ಆರ್ ಫೇಸಿನ ಅಡುಗೆಮನೆ ಸಾಕೆಟ್‌ನಲ್ಲಿ 202.

ಫೇಸ್-ಅರ್ಥ್ ಮಾತ್ರ ಎರಡೂ ಸಲ 230ರ ಹತ್ತಿರವೇ ನಿಂತಿತ್ತು, ಅಲ್ಲಾಡಲಿಲ್ಲ. ಗಾಳಿ ಬೀಸಿದಾಗ 245 ಇದ್ದದ್ದು 270ಕ್ಕೆ ಹಾರಿ ವಾಪಸ್ ಬರುತ್ತದೆ. ಒಮ್ಮೊಮ್ಮೆ ಮೀಟರಿನ ಅಂಕಿ ನಿಲ್ಲುವುದೇ ಇಲ್ಲ.

ಫ್ಯೂಸಣ್ಣ

ಇಷ್ಟು ಸಾಕು. ಈಗಲೇ ಪಿಸಿ, ಟಿವಿ, ಫ್ರಿಜ್, ವೈಫೈ ಎಲ್ಲದರ ಪ್ಲಗ್ ತೆಗಿ. ಗೀಸರ್ ಹಾಕಬೇಡಿ. ಸಾಧ್ಯವಾದರೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಿಬಿಡಿ, ಒಂದು ರಾತ್ರಿ ಕತ್ತಲಲ್ಲಿದ್ದರೆ ನಷ್ಟ ಇಲ್ಲ. 1912ಕ್ಕೆ ಫೋನ್ ಮಾಡಿ "ತ್ರೀ ಫೇಸ್ ಸರ್ವಿಸ್‌ನಲ್ಲಿ ನ್ಯೂಟ್ರಲ್ ಲೂಸ್ ಇದೆ, ವೋಲ್ಟೇಜ್ 270 ತನಕ ಹೋಗುತ್ತಿದೆ" ಅಂತ ಇದೇ ಮಾತಲ್ಲಿ ಹೇಳಿ ದೂರು ನಂಬರ್ ಬರೆದಿಟ್ಟುಕೊ. ಬರೀ "ಕರೆಂಟ್ ಸರಿ ಇಲ್ಲ" ಅಂದರೆ ಈ ಮಳೆಯಲ್ಲಿ ನಿನ್ನದು ಪಟ್ಟಿಯ ಕೊನೆಗೆ ಹೋಗುತ್ತದೆ.

ಏನಾಗುತ್ತಿದೆ ಅಂದರೆ, ಕಣದ ಮಧ್ಯೆ ಒಂದು ಗೂಟ ಹೊಡೆದು ಅದಕ್ಕೆ ಮೂರು ಕಡೆಯಿಂದ ಹಗ್ಗ ಕಟ್ಟಿ ಎಳೆದ ಹಾಗೆ. ಗೂಟ ಗಟ್ಟಿ ಇದ್ದರೆ ಯಾರು ಎಷ್ಟು ಎಳೆದರೂ ಮೂರೂ ಹಗ್ಗದ ಉದ್ದ ಒಂದೇ. ಗೂಟ ಸಡಿಲವಾದರೆ ಜೋರಾಗಿ ಎಳೆಯುವವನ ಕಡೆಗೆ ವಾಲುತ್ತದೆ. ಆ ಕಡೆ ಹಗ್ಗ ಗಿಡ್ಡ, ಉಳಿದ ಎರಡು ಉದ್ದ. ನ್ಯೂಟ್ರಲ್ ಅಂದರೆ ಆ ಗೂಟ. ಗೀಸರ್ ಎಳೆದ ಆರ್ ಫೇಸ್ 202ಕ್ಕೆ ಇಳಿಯಿತು, ನಿನ್ನ ವೈ 245ಕ್ಕೆ ಏರಿತು. ನ್ಯೂಟ್ರಲ್ ತನ್ನ ಜಾಗದಿಂದ 27 ವೋಲ್ಟ್ ಸರಿದಿದೆ, ಅದನ್ನೇ ನ್ಯೂಟ್ರಲ್-ಅರ್ಥ್ ಅಳತೆ ತೋರಿಸಿದ್ದು. ಫೇಸ್-ಅರ್ಥ್ ಅಲ್ಲಾಡಲಿಲ್ಲ ಅಂದರೆ ಲೈನಿನಲ್ಲಿ ಬರುವ ಕರೆಂಟ್ ಸರಿ ಇದೆ, ವಾಪಸ್ ಹೋಗುವ ದಾರಿ ಕೆಟ್ಟಿದೆ. ಎಕ್ಸ್‌ಟೆನ್ಷನ್ ಬಾಕ್ಸ್ ಮೊದಲೇ ಸರಿ ಮಾಡಿ ಅರ್ಥ್ ಗಟ್ಟಿ ಇದೆ ಅಂತ ಗೊತ್ತಾದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಈ ಅಳತೆಗೆ ಅರ್ಥವೇ ಇರುತ್ತಿರಲಿಲ್ಲ.

ನ್ಯೂಟ್ರಲ್ ಪೂರ್ತಿ ಕಳಚಿದರೆ ಸಿಂಗಲ್ ಫೇಸ್ ಸಾಮಾನಿನ ಮೇಲೆ 400ರ ಹತ್ತಿರ ಬಂದು ಕೂರಬಹುದು. ಎಂಸಿಬಿ ಟ್ರಿಪ್ ಆಗುತ್ತದಲ್ಲಾ ಅಂತ ಧೈರ್ಯ ಬೇಡ. ಎಂಸಿಬಿ ನೋಡುವುದು ಆಂಪ್ಸ್, ವೋಲ್ಟ್ ಅಲ್ಲ. ಅದರ ಪಾಡಿಗೆ ಅದು ಸುಮ್ಮನೆ ಕೂತಿರುತ್ತದೆ, ಟಿವಿ ಹೊಗೆ ಬಿಡುತ್ತದೆ.

ಕುಶಾಲನಗರ ಸ್ಪೇರ್ಸ್ ಅವರೇ, ನೀವು ಹೇಳಿದ ತುಂಡು ವಯರನ್ನು ಈ ಮನೆಯಲ್ಲಿ ಹಾಕಿದ್ದರೆ ಇವತ್ತು ಕ್ಯಾಬಿನೆಟ್ ಬಾಡಿ ಮೇಲೆ ಏನಿರುತ್ತಿತ್ತು, ಲೆಕ್ಕ ಹಾಕಿ.

ಕುಟ್ಟದ ಗೇಮರ್

ಅಣ್ಣಾ, 270 ಬಂದರೆ ಪಿಸಿ ಸುಟ್ಟು ಹೋಗಬೇಕಿತ್ತಲ್ವಾ? ಬರೀ ಆಫ್ ಆಗಿದ್ದು ಹೇಗೆ?

ಮಂಜಿನೂರು

ಇದಕ್ಕೆ ನಾನು ಹೇಳುತ್ತೇನೆ. 240 ಅಂತ ಬರೆದಿದ್ದರೂ ಒಳ್ಳೆಯ ಪಿಎಸ್‌ಯುಗಳು 264ರ ತನಕ ತಡೆಯುವ ಹಾಗೆ ಮಾಡಿರುತ್ತಾರೆ. ಕ್ಷಣಕಾಲ ಅದರ ಮೇಲೆ ಹೋದರೂ ಸುಡುವುದಿಲ್ಲ. ಆದರೆ ದಿನಾ ಹೀಗೇ ಆದರೆ ಆಯುಸ್ಸು ಕಮ್ಮಿಯಾಗುತ್ತದೆ. ಇಲ್ಲಿ ಪಿಸಿ ಆಫ್ ಆಗುತ್ತಿದ್ದದ್ದು ಎತ್ತರದ ವೋಲ್ಟೇಜ್‌ಗಿಂತ ಮಧ್ಯದ ಕಡಿತದಿಂದ ಇರಬೇಕು. ಸಡಿಲ ಜಾಯಿಂಟ್ ಗಾಳಿಗೆ ಅಲ್ಲಾಡಿ ಬಿಟ್ಟು ಹಿಡಿದು ಮಾಡಿದಾಗ ನೇರವಾಗಿ 20-30 ಮಿಲಿಸೆಕೆಂಡ್ ಗ್ಯಾಪ್ ಬಂದರೂ ಸಾಕು. ಅದರ ಮೇಲೆ ವೋಲ್ಟೇಜ್ ಕುಣಿದಂತೆಲ್ಲ ಸ್ಟೆಬಿಲೈಜರ್ ಹಾರಿ ಹಾರಿ ತನ್ನದೇ ಗ್ಯಾಪ್ ಸೇರಿಸುತ್ತಿತ್ತು. ಹಾಗಾಗಿ ಅದನ್ನು ತೆಗೆದಾಗ ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಬೆಳಿಗ್ಗೆ, ಸಂಜೆ ಜಾಸ್ತಿ ಆಗುತ್ತಿದ್ದದ್ದು ಯಾಕೆ ಅಂತಲೂ ಗೊತ್ತಾಯಿತಲ್ಲ. ಸ್ನಾನದ ಹೊತ್ತು!

ಸೋಮವಾರಪೇಟೆ ಮಳೆ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದೂ ಪವರ್ ಸಮಸ್ಯೆಯೇ. ಪಿಸಿ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ನಾಲ್ಕೈದು ಸೆಕೆಂಡಿಗೆ ಆಫ್. ಮತ್ತೆ ತಾನೇ ಆನ್. ನನ್ನದೂ ನ್ಯೂಟ್ರಲ್ಲಾ?

ಮಂಜಿನೂರು

ಅಲ್ಲ. ನಿಮ್ಮದು ಬೇರೆ. ಇವರ ವಿಷಯ ಮುಗಿಯಲಿ, ಆಮೇಲೆ ನೋಡೋಣ. ಅಷ್ಟರಲ್ಲಿ ಒಂದು ಯೋಚಿಸಿ: ಕಂಪ್ಯೂಟರ್ ಹ್ಯಾಂಗ್ ಆದಾಗ ಆಫ್ ಮಾಡಲು ಪವರ್ ಬಟನ್ ಎಷ್ಟು ಸೆಕೆಂಡ್ ಒತ್ತಿ ಹಿಡಿಯುತ್ತೀರಿ?

ತೋಟದಮನೆ

ಲೈನ್‌ಮ್ಯಾನ್ ಬಂದಿದ್ದರು. ಕಕ್ಕಡ ತಿಂಗಳ ಮಳೆ, ಎಲ್ಲೆಲ್ಲೂ ಮರ ಬಿದ್ದು ಅವರಿಗೆ ಊಟಕ್ಕೂ ಬಿಡುವಿಲ್ಲ. ಆದರೂ ಫ್ಯೂಸಣ್ಣ ಹೇಳಿದ ಮಾತನ್ನೇ ಹೇಳಿದ್ದಕ್ಕೆ ಬೇಗ ಬಂದರು. ಮೊದಲು ನಮ್ಮ ಮೀಟರ್ ಬೋರ್ಡ್ ನೋಡಿದರು, ಅಲ್ಲಿ ಎಲ್ಲ ಗಟ್ಟಿ. ಲೈನ್ ಆಫ್ ಮಾಡಿಸಿ ಕಂಬ ಹತ್ತಿದರು.

ಕಂಬದ ಮೇಲೆ ನಮ್ಮ ಸರ್ವಿಸ್ ವಯರಿನ ನ್ಯೂಟ್ರಲನ್ನು ಲೈನ್ ತಂತಿಗೆ ಸುಮ್ನೆ ಕೈಯಲ್ಲಿ ಸುತ್ತಿ ಬಿಟ್ಟಿದ್ದರಂತೆ, ಯಾವ ಕಾಲದ್ದೋ. ಕತ್ತರಿಸಿ ಕೆಳಗೆ ಹಾಕಿದ ತುಂಡು ನನ್ನ ಮೇಜಿನ ಮೇಲಿದೆ. ಅಲ್ಯೂಮಿನಿಯಂ ಎಳೆಗಳಲ್ಲಿ ಅರ್ಧ ಸುಟ್ಟು ತುಂಡಾಗಿವೆ. ಉಳಿದವು ಕಪ್ಪಾಗಿ, ಮೇಲೆ ಬೂದಿ ಬಣ್ಣದ ಪುಡಿ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ, ಕೆಳಗೆ ಸಣ್ಣ ಸಣ್ಣ ಗುಳಿ. ಪಕ್ಕದ ಸಿಲ್ವರ್ ಓಕ್ ಕೊಂಬೆ ಗಾಳಿ ಬಂದಾಗಲೆಲ್ಲ ಆ ವಯರನ್ನು ತಳ್ಳುತ್ತಿತ್ತು. ಬೇಸಿಗೆಯಲ್ಲಿ ಏನೂ ಆಗದೆ ಮಳೆಗೆ ಶುರುವಾದದ್ದು ಅದಕ್ಕೇ. ಹೊಸ ತುದಿ ಮಾಡಿ ಪಿ.ಜಿ. ಕ್ಲ್ಯಾಂಪ್ ಹಾಕಿ ಬಿಗಿದರು. ಕೊಂಬೆ ನಾವೇ ಕಡಿಸಿದೆವು.

ಈಗಿನ ಅಳತೆ: ಗೀಸರ್ ಆಫ್ ಇದ್ದಾಗ ವೈ 231, ಆನ್ ಮಾಡಿದರೆ 232. ಆರ್ 227ರಿಂದ 224ಕ್ಕೆ ಇಳಿಯುತ್ತದೆ, ಅಷ್ಟೇ. ನ್ಯೂಟ್ರಲ್-ಅರ್ಥ್ ಎರಡು ವೋಲ್ಟ್ ದಾಟುವುದಿಲ್ಲ. ಆಮೇಲೆ ಇಷ್ಟು ಗಾಳಿ ಮಳೆಯಲ್ಲೂ ಪಿಸಿ ಒಮ್ಮೆಯೂ ತಾನಾಗಿ ಆಫ್ ಆಗಿಲ್ಲ. ಕರೆಂಟ್ ಹೋದಾಗ ಹೋಗುತ್ತದೆ, ಅದು ಬಿಡಿ.

ಹಳೆಯ ಪಿಎಸ್‌ಯು ಕೂಡ ಹಾಕಿ ನೋಡಿದೆ, ಅದೂ ಸರಿ ಇದೆ. ಈಗ ಮನೆಯಲ್ಲಿ ಎರಡು ಪಿಎಸ್‌ಯು, ಒಂದು ಕೆಲಸವಿಲ್ಲದ ಸ್ಟೆಬಿಲೈಜರ್. ಇನ್ನು ಯುಪಿಎಸ್ ಹಾಕಬೇಕು ಅಂತಿದ್ದೇನೆ. 600 ವಿಎ ಸಾಕಾ? ಇಲ್ಲಾ ಹಾಲ್‌ನಲ್ಲಿರುವ ಇನ್ವರ್ಟರ್‌ನಿಂದ ಒಂದು ಲೈನ್ ಎಳೆಯಲಾ?

ಮಂಜಿನೂರು

600 ವಿಎ ಅಂದರೆ ಸುಮಾರು 360 ವ್ಯಾಟ್. ನಿಮ್ಮ ಪಿಸಿ ರೆಂಡರ್ ಹೊತ್ತಿಗೆ ಗೋಡೆಯಿಂದ 350ರ ಹತ್ತಿರ ಎಳೆಯುತ್ತದೆ, ಮಾನಿಟರ್ ಬೇರೆ. ಕರೆಂಟ್ ಹೋದ ಕ್ಷಣವೇ ಓವರ್‌ಲೋಡ್ ಅಂತ ಕಿರುಚಿ ಅದೂ ಆಫ್. 1000 ಅಥವಾ 1100 ವಿಎ ನೋಡಿ. ಲೈನ್ ಇಂಟರಾಕ್ಟಿವ್ ಆದರೆ ಸಾಕು, ಬ್ಯಾಟರಿಗೆ ಹಾರಲು ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಒಳಗೆ. ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ತಂದ ಮೊದಲ ದಿನವೇ ರೆಂಡರ್ ಓಡಿಸಿ ಪ್ಲಗ್ ಕಿತ್ತು ಪರೀಕ್ಷೆ ಮಾಡಿ, ಕೆಲವು ಪಿಎಸ್‌ಯುಗಳಿಗೆ ಅಗ್ಗದ ಯುಪಿಎಸ್‌ನ ಚೌಕ ಅಲೆ ಹಿಡಿಸುವುದಿಲ್ಲ. ಬಿಲ್ ಇದ್ದರೆ ವಾಪಸ್ ಕೊಡಬಹುದು.

ಹಾಲ್ ಇನ್ವರ್ಟರ್‌ಗೆ ಹಾಕುವುದಾದರೆ ಹಿಂದೆ ಯುಪಿಎಸ್, ನಾರ್ಮಲ್ ಅಂತ ಒಂದು ಸ್ವಿಚ್ ಇರುತ್ತದೆ, ಅದು ಯುಪಿಎಸ್ ಕಡೆ ಇರಲಿ. ನಾರ್ಮಲ್‌ನಲ್ಲಿದ್ದರೆ ಹಾರಲು ಹೊತ್ತು ಜಾಸ್ತಿ ಬೇಕು, ಪಿಸಿ ರೀಸ್ಟಾರ್ಟ್ ಆಗುತ್ತದೆ. ಆದರೆ ಅದೇ ಬ್ಯಾಟರಿ ಮೇಲೆ ಮನೆಯ ಲೈಟು ಫ್ಯಾನೂ ಇವೆ. ಕೊಡಗಿನ ಮಳೆಗಾಲದ ಕರೆಂಟ್ ಕಟ್ ಎಷ್ಟು ಹೊತ್ತು ಅಂತ ನಿಮಗೆ ಹೇಳಬೇಕಾ? ಪಿಸಿಗೆ ಬೇರೆಯೇ ಇರಲಿ.

ಫ್ಯೂಸಣ್ಣ

ಯುಪಿಎಸ್ ತರುವ ಮೊದಲು ಮೇನ್ ಬೋರ್ಡ್‌ನಲ್ಲಿ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಒಂದು ಹಾಕಿಸಿ. ನ್ಯೂಟ್ರಲ್ ಇನ್ನೊಮ್ಮೆ ಬಿಟ್ಟರೆ ಅದು ಮನೆಯನ್ನೇ ಕಟ್ ಮಾಡುತ್ತದೆ. 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಕಟ್ ಮಾಡುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಹಾಕಿಸಿ. ಇವೆರಡರ ಕೆಲಸ ಬೇರೆ ಬೇರೆ, ಒಂದು ಇದ್ದರೆ ಇನ್ನೊಂದು ಬೇಡ ಅಂತಲ್ಲ. ಸಿಡಿಲಿಗೆ ಇವು ಯಾವುವೂ ಸಾಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದರೆ ಪ್ಲಗ್ ತೆಗಿ, ಇಂಟರ್‌ನೆಟ್ ಕೇಬಲನ್ನೂ ತೆಗಿ.

ಕುಶಾಲನಗರ ಸ್ಪೇರ್ಸ್

ಆ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ತ್ರೀ ಫೇಸಿಗೆ ಬೇರೆಯೇ ಬರುತ್ತದಾ ಅಣ್ಣ?

ಫ್ಯೂಸಣ್ಣ

ಹೌದು. ಮೂರು ಫೇಸ್ ಮತ್ತು ನ್ಯೂಟ್ರಲ್ ಎಲ್ಲ ನೋಡುವಂಥದ್ದು ಕೇಳಿ. ಸಿಂಗಲ್ ಫೇಸಿನದ್ದು ತಂದು ಒಂದಕ್ಕೆ ಮಾತ್ರ ಹಾಕಿದರೆ ಉಳಿದ ಎರಡು ಹಾಗೇ.

ಸೋಮವಾರಪೇಟೆ ಮಳೆ

ಅಕ್ಕಾ, ಹ್ಯಾಂಗ್ ಆದಾಗ ನಾಲ್ಕು ಸೆಕೆಂಡ್ ಒತ್ತಿ ಹಿಡಿಯುತ್ತೇನೆ. ಓಹ್! ಬಟನ್ನೇ ಸಿಕ್ಕಿಕೊಂಡಿದೆಯಾ?

ಮಂಜಿನೂರು

ಅದೇ. ಪವರ್ ಬಟನ್ ಒತ್ತಿದ ಹಾಗೇ ನಿಂತಿದೆ ಅಂತ ಬೋರ್ಡ್ ಅಂದುಕೊಳ್ಳುತ್ತಿದೆ. ಮಳೆಗಾಲದಲ್ಲಿ ಆ ಪುಟ್ಟ ಸ್ವಿಚ್ಚಿನ ಒಳಗೆ ತೇವ ಕೂತು, ಬೂಷ್ಟು ಹಿಡಿದು ಹೀಗಾಗುವುದು ಇಲ್ಲಿ ಹೊಸದಲ್ಲ. ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಬೋರ್ಡಿನ ಕೆಳಮೂಲೆಯಲ್ಲಿ ಪವರ್ ಸ್ವಿಚ್ ಅಂತ ಬರೆದ ಎರಡು ಪಿನ್ನಿನ ವಯರ್ ಕಿತ್ತುಬಿಡಿ. ಮತ್ತೆ ಪ್ಲಗ್ ಹಾಕಿ ಆ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಅದು ಐದು ವೋಲ್ಟ್ ಒಳಗಿನ ಜಾಗ, ಶಾಕ್ ಹೊಡೆಯುವುದಿಲ್ಲ. ಪಕ್ಕದ ಪಿನ್ನಿಗೆ ಮಾತ್ರ ತಾಗಿಸಬೇಡಿ. ಆನ್ ಆಗಿ ಹಾಗೇ ಇದ್ದರೆ ಸ್ವಿಚ್ಚೇ ಕಾರಣ.

ಸೋಮವಾರಪೇಟೆ ಮಳೆ

ಮಾಡಿದೆ. ಆನ್ ಆಗಿ ನಿಂತಿದೆ, ಆಫ್ ಆಗಲಿಲ್ಲ! ಆದರೆ ದಿನಾ ಸ್ಕ್ರೂಡ್ರೈವರ್ ಹಿಡಿದು ಆನ್ ಮಾಡುವುದು ಹೇಗೆ? ಈ ಕ್ಯಾಬಿನೆಟ್‌ನ ಸ್ವಿಚ್ ಬಿಡಿಯಾಗಿ ಸೋಮವಾರಪೇಟೆಯಲ್ಲಿ ಸಿಗುವುದಿಲ್ಲ.

ಮಂಜಿನೂರು

ರಿಸೆಟ್ ಬಟನ್ ಇದೆಯಲ್ಲ? ಅದರ ವಯರ್ ಕಿತ್ತು ಪವರ್ ಸ್ವಿಚ್ ಪಿನ್ನಿಗೆ ಹಾಕಿ. ಎರಡೂ ಒಂದೇ ಥರದ ಸ್ವಿಚ್, ಯಾವ ಕಡೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಇನ್ನು ಮೇಲೆ ರಿಸೆಟ್ ಒತ್ತಿದರೆ ಪಿಸಿ ಆನ್. ಮನೆಯವರಿಗೂ ಹೇಳಿಬಿಡಿ.

ಸೋಮವಾರಪೇಟೆ ಮಳೆ

ಆಯಿತು ಅಕ್ಕ. ಹಳೆ ಬಟನ್ ಮೇಲೆ ಟೇಪ್ ಅಂಟಿಸಿದೆ, ಮಕ್ಕಳು ಅದನ್ನೇ ಒತ್ತುತ್ತಾ ಕೂರುತ್ತಾರೆ ಅಂತ.